ನೂರಕ್ಕೆ ಎಷ್ಟು ಮೊಳಕೆ?

ನಮ್ಮ ಮನೆ ಇರುವುದು ದಾವಣಗೆರೆಯ ನಿಟುವಳ್ಳಿಯಲ್ಲಿ. ಬೀದಿ ಕಡೆಯ ಕೋಣೆ ನನ್ನ ಕೆಲಸದ ಜಾಗ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒರಗಿಸಿಟ್ಟ ಕಾರ್ಡಿನ ಕಟ್ಟುಗಳು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ಒಮ್ಮೊಮ್ಮೆ ಯಾವುದಾದರೂ ಶಾಲೆಯ ಸ್ಮರಣ ಸಂಚಿಕೆ. 15 ವರ್ಷದಿಂದ ಈ ಡಿಟಿಪಿ ಕೆಲಸವೇ ನಮ್ಮ ಮನೆಗೆ ಆಸರೆ.

ಆ ವರ್ಷ ವೈಶಾಖದಲ್ಲಿ ಲಗ್ನಗಳು ಸಾಲಾಗಿ ಬಂದಿದ್ದವು. ಕಂಪ್ಯೂಟರ್ ಯಾಕೋ ನಿಧಾನ ಅನ್ನಿಸುತ್ತಿತ್ತು. ಯಾರೋ ಹೇಳಿದರು ಅಂತ ಒಂದು ಉಚಿತ ಕ್ಲೀನರ್ ಹಾಕಿಕೊಂಡೆ. ಅದು ಎರಡು ನಿಮಿಷ ಓಡಿ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ ನೂರಾರು ತಪ್ಪುಗಳಿವೆ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು. ಕೆಳಗೆ ಎಲ್ಲವನ್ನೂ ಸರಿಮಾಡುವ ಬಟನ್ ಇತ್ತು. ರಾತ್ರಿ ಹನ್ನೊಂದು ಗಂಟೆ. ಒತ್ತಿದೆ, ಕಂಪ್ಯೂಟರ್ ಆಫ್ ಮಾಡಿ ಮಲಗಿದೆ.

ಬೆಳಿಗ್ಗೆ ಕಾರ್ಡಿನ ಫೈಲು ತೆರೆದರೆ ‘ಶ್ರೀ ಗಣೇಶಾಯ ನಮಃ’ ಇದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಕಲಸುಮೇಲೋಗರ. ಡಿಟಿಪಿ ಮಾಡುವವರಿಗೆ ಇದರ ಅರ್ಥ ತಕ್ಷಣ ಗೊತ್ತಾಗುತ್ತದೆ. ನಾವು ಈಗಲೂ ಬಳಸುವ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಅವುಗಳಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇಲ್ಲ. ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ, ಮೇಲೆ ಕನ್ನಡದ ಆಕಾರ ಕೂತಿರುತ್ತದೆ. ಫಾಂಟ್ ಸಿಗದಿದ್ದರೆ ಆಕಾರ ಜಾರಿ, ಒಳಗಿನದು ಕಾಣಿಸುತ್ತದೆ. ಫಾಂಟ್ ಪಟ್ಟಿಯಲ್ಲಿ ನುಡಿಯ ಒಂದೂ ಹೆಸರು ಇರಲಿಲ್ಲ. ಪ್ರಿಂಟರಿನಲ್ಲಿ ನಾನೇ ಅಳೆದು ಕೂರಿಸಿದ್ದ ಕಾರ್ಡು, ಕವರಿನ ಅಳತೆಗಳೂ ಇರಲಿಲ್ಲ. 400 ಕಾರ್ಡು ಮರುದಿನ ಸಂಜೆಗೆ ಕೊಡಬೇಕಿತ್ತು.

ಮೊದಲು ನಾನು ಗಾಬರಿಯಾಗಲಿಲ್ಲ. ಯಾಕೆಂದರೆ ನನ್ನ ಬಳಿ ಬ್ಯಾಕಪ್ ಇತ್ತು. ಒಂದಲ್ಲ, ಮೂರು ಇದೆ ಅಂದುಕೊಂಡಿದ್ದೆ. ಆ ಮೂರೂ ಒಂದೊಂದಾಗಿ ಹೇಗೆ ಬರಿದಾದವು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಹಾಗೆ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರು ಈ ಊರಿನಲ್ಲಿ ಎಷ್ಟೋ ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಆ ಬೆಳಗು ಬಾರದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ರಿಜಿಸ್ಟ್ರಿ ಅಂದರೆ ಏನು ಅಂತ ಕೇಳಿದವರಿಗೆ ನಾನು ಪಹಣಿಯ ಉದಾಹರಣೆ ಕೊಡುತ್ತೇನೆ. ಹೊಲ ಇದ್ದಲ್ಲೇ ಇರುತ್ತದೆ. ಬದು ಇದೆ, ಬೇವಿನ ಮರ ಇದೆ, ಮಣ್ಣು ಇದೆ. ಆದರೆ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬ್ಯಾಂಕಿನವರಿಗೆ ಆ ಹೊಲ ನಿಮ್ಮದಲ್ಲ. ನನ್ನ ಫಾಂಟುಗಳಿಗೆ ಆದದ್ದೂ ಅದೇ. ಫಾಂಟ್ ಫೈಲುಗಳು ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲೇ ಕೂತಿದ್ದವು. ‘ಈ ಹೆಸರಿನ ಫಾಂಟ್ ಈ ಫೈಲಿನಲ್ಲಿದೆ’ ಎಂದು ರಿಜಿಸ್ಟ್ರಿಯಲ್ಲಿದ್ದ ಸಾಲುಗಳು ಹೋಗಿದ್ದವು. ಕಂಪ್ಯೂಟರ್ ಅವುಗಳನ್ನು ಗುರುತಿಸಲೇ ಇಲ್ಲ.

ಹಿಂದೆ ವಿಂಡೋಸಿನಲ್ಲಿ ಈ ಲೆಕ್ಕವೆಲ್ಲ ಬಿಡಿಬಿಡಿ ಐಎನ್‌ಐ ಫೈಲುಗಳಲ್ಲಿ ಇರುತ್ತಿತ್ತು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಿತ್ತು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಚಿಕ್ಕದಾಗಿ ಶುರುವಾಯಿತು. ವಿಂಡೋಸ್ 95 ಬಂದಾಗ ಇಡೀ ಯಂತ್ರದ ಲೆಕ್ಕ ಅದಕ್ಕೆ ಹೋಯಿತು. ಈಗ ಅದು ಒಂದೇ ಫೈಲು ಕೂಡ ಅಲ್ಲ. ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್ ಎಂಬ ಮುಖ್ಯ ಫೈಲುಗಳು ವಿಂಡೋಸ್ ಫೋಲ್ಡರಿನ ಒಳಗೆ, ಸಿಸ್ಟಮ್ 32ರ ಕಾನ್ಫಿಗ್ ಎಂಬ ಫೋಲ್ಡರಿನಲ್ಲಿವೆ. ಅದರ ಜೊತೆ ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರ ಫೋಲ್ಡರಿನಲ್ಲೂ ಅವರವರ ಇಷ್ಟಗಳ ಫೈಲು ಒಂದು ಇದೆ. ನನ್ನ ಕೀಬೋರ್ಡಿನ ಕನ್ನಡ, ನನ್ನ ಪರದೆಯ ಬಣ್ಣ ಎಲ್ಲ ಅದರಲ್ಲಿ. ಇವಕ್ಕೆ ಹೈವ್ ಅನ್ನುತ್ತಾರೆ, ಅಂದರೆ ಜೇನುಗೂಡು. ಕಂಪ್ಯೂಟರ್ ಓಡುತ್ತಿರುವಷ್ಟು ಹೊತ್ತು ಈ ಫೈಲುಗಳಿಗೆ ಬೀಗ. ಸುಮ್ನೆ ಎಳೆದು ಪೆನ್‌ಡ್ರೈವಿಗೆ ಹಾಕಿಕೊಳ್ಳೋಣ ಅಂದರೆ ಆಗುವುದಿಲ್ಲ.

ಇನ್ನು ರೆಜ್‌ಎಡಿಟ್. ರಿಜಿಸ್ಟ್ರಿ ತೆರೆಯುವ ಸಾಧನ ಅದು. ಅದರಲ್ಲಿ ‘ಅನ್‌ಡೂ’ ಇಲ್ಲ. ‘ಸೇವ್ ಮಾಡಲಾ’ ಅಂತ ಕೇಳುವುದೂ ಇಲ್ಲ. ಬರೆದ ಕ್ಷಣವೇ ಬದಲಾವಣೆ ಕೂತುಬಿಡುತ್ತದೆ. ಇಂಥ ಜಾಗಕ್ಕೆ ಗೊತ್ತಿಲ್ಲದ ಒಂದು ಕ್ಲೀನರನ್ನು ಬಿಟ್ಟಿದ್ದೆ. ರಿಜಿಸ್ಟ್ರಿ ತೊಳೆಯುವ ಸಾಧನಗಳನ್ನು ತಾವು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಬರೆದೇ ಹೇಳಿದೆ. ಅದನ್ನು ಆಮೇಲೆ ಓದಿದೆ. ಅಲ್ಲಿ ಬೇಡದ ಸಾಲುಗಳು ಒಂದಿಷ್ಟು ಇದ್ದರೂ ಕಂಪ್ಯೂಟರ್ ಅವುಗಳನ್ನು ಮುಟ್ಟದೆ ಮುಂದೆ ಹೋಗುತ್ತದೆ. ತೆಗೆದರೆ ವೇಗ ಹೆಚ್ಚಾಗುವುದಿಲ್ಲ. ಬೇಕಾದ ಒಂದು ಸಾಲು ಹೋದರೆ ಮಾತ್ರ ಕೆಲಸ ನಿಲ್ಲುತ್ತದೆ.

ಈಗ ನನ್ನ ಮೂರು ಬ್ಯಾಕಪ್‌ಗಳ ವಿಷಯ.

ಮೊದಲನೆಯದು ರಿಜಿಸ್ಟ್ರಿಯ ಎಕ್ಸ್‌ಪೋರ್ಟ್. ಎರಡು ತಿಂಗಳ ಹಿಂದೆ ಇಡೀ ರಿಜಿಸ್ಟ್ರಿಯನ್ನು ಒಂದು ರೆಗ್ ಫೈಲಾಗಿ ತೆಗೆದು ಡಿ ಡ್ರೈವಿನಲ್ಲಿ ಇಟ್ಟಿದ್ದೆ. ನೂರಾರು ಎಂಬಿಯ ಫೈಲು. ಅದರ ತೂಕ ನೋಡಿಯೇ ನನಗೆ ಧೈರ್ಯ. ಡಬಲ್ ಕ್ಲಿಕ್ ಮಾಡಿದೆ. ಸ್ವಲ್ಪ ಹೊತ್ತು ಯೋಚಿಸಿ, ಎಲ್ಲ ಮಾಹಿತಿ ಬರೆಯಲು ಆಗಲಿಲ್ಲ, ಕೆಲವು ಕೀಗಳನ್ನು ಸಿಸ್ಟಮ್ ಬಳಸುತ್ತಿದೆ ಎಂದು ಹೇಳಿ ನಿಂತಿತು. ಕೀ ಅಂದರೆ ಇಲ್ಲಿ ಕೀಬೋರ್ಡಿನದಲ್ಲ, ರಿಜಿಸ್ಟ್ರಿಯ ಸಾಲುಗಳನ್ನು ಗುಂಪಾಗಿ ಇಡುವ ಫೋಲ್ಡರಿನಂಥದ್ದು. ಎಷ್ಟು ಬರೆಯಿತು, ಎಷ್ಟು ಬಿಟ್ಟಿತು ಎಂದು ಹೇಳಲಿಲ್ಲ. ಮತ್ತೆ ಆನ್ ಮಾಡಿದರೆ ಇನ್ನೂ ಎರಡು ಪ್ರೋಗ್ರಾಮ್ ತೆರೆಯುವುದನ್ನು ನಿಲ್ಲಿಸಿದ್ದವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರೆಗ್ ಫೈಲನ್ನು ಹಾಕುವುದು ಹಳೆಯದಕ್ಕೆ ಮರಳುವುದಲ್ಲ. ಅದು ಬೆರೆಸುವುದು. ಫೈಲಿನಲ್ಲಿರುವ ಸಾಲುಗಳನ್ನು ರಿಜಿಸ್ಟ್ರಿಗೆ ಸೇರಿಸುತ್ತದೆ, ಅದೇ ಹೆಸರಿನ ಸಾಲು ಇದ್ದರೆ ಅದರ ಮೇಲೆ ಬರೆಯುತ್ತದೆ. ಫೈಲು ತೆಗೆದ ಮೇಲೆ ಹೊಸದಾಗಿ ಬಂದು ಕೂತ ಸಾಲುಗಳನ್ನು ಮುಟ್ಟುವುದಿಲ್ಲ. ಅಂದರೆ ಹಳೆಯದು ಅರ್ಧ, ಹೊಸದು ಅರ್ಧ ಸೇರಿ ಒಂದು ದಿನವೂ ಇರದಿದ್ದ ಮೂರನೆಯ ಸ್ಥಿತಿಯೊಂದು ಹುಟ್ಟುತ್ತದೆ. ಇದನ್ನು ಆಮೇಲೆ ನಾನೇ ಮಾಡಿ ನೋಡಿದೆ. ಒಂದು ಚಿಕ್ಕ ಕೀಯನ್ನು ಎಕ್ಸ್‌ಪೋರ್ಟ್ ಮಾಡಿದೆ. ಆಮೇಲೆ ಅದರೊಳಗೆ ‘ಪರೀಕ್ಷೆ’ ಎಂಬ ಹೆಸರಿನ ಒಂದು ಹೊಸ ಸಾಲು ಸೇರಿಸಿದೆ. ಈಗ ಹಳೆಯ ಫೈಲನ್ನು ಡಬಲ್ ಕ್ಲಿಕ್ ಮಾಡಿದೆ. ಸೇರಿಸಲಾಯಿತು ಎಂಬ ಸಂದೇಶ ಬಂತು. ‘ಪರೀಕ್ಷೆ’ ಅಲ್ಲೇ ಇತ್ತು.

ಹಾಗಂತ ರೆಗ್ ಫೈಲು ಕೆಲಸಕ್ಕೆ ಬಾರದ್ದಲ್ಲ. ಒಂದೇ ಒಂದು ಕೀಯನ್ನು ಬದಲಿಸುವ ಮುಂಚೆ, ಆ ಕೀಯನ್ನು ಮಾತ್ರ ಬಲಗಡೆ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳುವುದು ಬಹಳ ಒಳ್ಳೆಯ ಅಭ್ಯಾಸ. ಕೆಲವೇ ಕೆಬಿಯ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಕಣ್ಣಾರೆ ಓದಬಹುದು. ಫಾಂಟ್ಸ್ ಕೀಯನ್ನು ಹೀಗೆ ಬೇರೆಯಾಗಿ ಇಟ್ಟುಕೊಂಡಿದ್ದರೆ ಆವತ್ತು ನನ್ನ ನುಡಿ ಫಾಂಟುಗಳು ಹತ್ತು ನಿಮಿಷದಲ್ಲಿ ವಾಪಸ್ ಬರುತ್ತಿದ್ದವು. ಇನ್ನೊಂದು, ಬೇರೆಯವರ ಕಂಪ್ಯೂಟರಿನ ರೆಗ್ ಫೈಲನ್ನು ನಿಮ್ಮದಕ್ಕೆ ಹಾಕಬೇಡಿ. ಅವರ ಯಂತ್ರದ ಭಾಗಗಳು ಬೇರೆ, ಆ ಭಾಗಗಳನ್ನು ನಡೆಸುವ ಡ್ರೈವರ್‌ಗಳು ಬೇರೆ.

ಎರಡನೆಯದು ರೆಗ್‌ಬ್ಯಾಕ್. ನಾನು ಕಂಪ್ಯೂಟರ್ ಕಲಿತದ್ದು ವಿಂಡೋಸ್ 98ರಲ್ಲಿ. ಅದು ದಿನಕ್ಕೊಂದು ಸಲ, ಮೊದಲು ಆನ್ ಮಾಡಿದಾಗ ರಿಜಿಸ್ಟ್ರಿಯ ಪ್ರತಿ ತೆಗೆದುಕೊಂಡು, ಐದು ಪ್ರತಿಗಳನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಡಾಸ್‌ಗೆ ಹೋಗಿ ಸ್ಕ್ಯಾನ್‌ರೆಗ್ ರಿಸ್ಟೋರ್ ಎಂದು ಕೊಟ್ಟರೆ ಆ ಐದನ್ನೂ ದಿನಾಂಕದ ಸಮೇತ ತೋರಿಸುತ್ತಿತ್ತು. ಒಂದನ್ನು ಆರಿಸಿದರೆ ಆಯಿತು. ಎಂಥ ಉಪಕಾರ ಅದು! ವಿಂಡೋಸ್ 7ರಲ್ಲೂ ಕಾನ್ಫಿಗ್ ಫೋಲ್ಡರಿನ ಒಳಗೆ ರೆಗ್‌ಬ್ಯಾಕ್ ಎಂಬ ಫೋಲ್ಡರಿನಲ್ಲಿ ತಾನಾಗಿಯೇ ಪ್ರತಿ ಬೀಳುತ್ತಿತ್ತು. ಆ ನಂಬಿಕೆಯಲ್ಲೇ ನಾನಿದ್ದೆ. ತೆರೆದು ನೋಡಿದರೆ ಐದೂ ಫೈಲು ಇವೆ, ಹೆಸರೂ ಸರಿ ಇದೆ, ಅಳತೆ ಮಾತ್ರ ಸೊನ್ನೆ ಕೆಬಿ. ವಿಂಡೋಸ್ 10ರ 1803 ಆವೃತ್ತಿಯಿಂದ, ಅಂದರೆ 2018ರಿಂದ, ಡಿಸ್ಕಿನಲ್ಲಿ ಜಾಗ ಉಳಿಸಲು ಈ ಏರ್ಪಾಟನ್ನು ಮೈಕ್ರೋಸಾಫ್ಟ್ ತೆಗೆದಿದೆ. ಬೇಕೆನ್ನುವವರು ರಿಜಿಸ್ಟ್ರಿಯಲ್ಲಿ ‘ಎನೇಬಲ್ ಪೀರಿಯಾಡಿಕ್ ಬ್ಯಾಕಪ್’ ಎಂಬ ಸಾಲನ್ನು ಸೇರಿಸಿ, ಅದಕ್ಕೆ 1 ಎಂಬ ಬೆಲೆ ಕೊಟ್ಟು ಮತ್ತೆ ಶುರು ಮಾಡಿಕೊಳ್ಳಬಹುದು. ಬೇಕೆಂದು ಕೇಳಿದವರಿಗೆ ಮಾತ್ರ. ನಾನು ಕೇಳಿರಲಿಲ್ಲ.

ಮೂರನೆಯದು ಸಿಸ್ಟಮ್ ರಿಸ್ಟೋರ್, ವಿಂಡೋಸನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುವ ಸಾಧನ. ಸ್ಟಾರ್ಟ್ ಒತ್ತಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಬರೆದು ತೆರೆದೆ. ಸಿ ಡ್ರೈವಿನ ಮುಂದೆ ‘ಆಫ್’ ಎಂದಿತ್ತು. ಇದನ್ನು ಕಂಪ್ಯೂಟರ್ ತಂದ ದಿನ ನೋಡಿಯೇ ಇರಲಿಲ್ಲ. ವಿಂಡೋಸ್ 10, 11ರ ಎಷ್ಟೋ ಕಂಪ್ಯೂಟರುಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ. ಓದುವುದನ್ನು ನಿಲ್ಲಿಸಿ ಈಗಲೇ ಒಮ್ಮೆ ನೋಡಿಕೊಂಡು ಬನ್ನಿ, ದಯವಿಟ್ಟು.

ಮಧ್ಯಾಹ್ನ ರಿಪೇರಿ ಹುಡುಗ ಬಂದ. ಅರ್ಧ ಗಂಟೆ ನೋಡಿ, ‘ಅಕ್ಕಾ, ಹೊಸದಾಗಿ ವಿಂಡೋಸ್ ಹಾಕೋದೇ ವಾಸಿ’ ಅಂದ. ಮದುವೆ ಮನೆಯವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿಯ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹೆಂಗಾದ್ರೂ ಮಾಡವ್ವ, ಊರೂರು ತಿರುಗಿ ಕಾರ್ಡು ಹಂಚಬೇಕು’ ಅಂದರು. ಮಂಡಿಪೇಟೆ ಕಡೆಯ ಇನ್ನೊಂದು ಪ್ರೆಸ್ಸಿನಲ್ಲಿ ಕೂತು, ಇಡೀ ಕಾರ್ಡನ್ನು ಮತ್ತೆ ಟೈಪ್ ಮಾಡಿ, ಮುದ್ರಿಸಿ ಕೊಟ್ಟೆ. ಒಂದು ದಿನ ತಡವಾಯಿತು. ಅವರು ದುಡ್ಡು ಪೂರ್ತಿ ಕೊಟ್ಟರು. ಆ ದುಡ್ಡನ್ನು ಕೈಯಲ್ಲಿ ಹಿಡಿಯಲು ನನಗೆ ಕಷ್ಟವಾಯಿತು.

ನನ್ನ ಕಂಪ್ಯೂಟರ್ ಮೊದಲಿನಂತಾಗಲು ನಾಲ್ಕು ದಿನ ಹಿಡಿಯಿತು. ಫೈಲುಗಳೆಲ್ಲ ಇದ್ದವು, ಒಂದೂ ಹೋಗಿರಲಿಲ್ಲ. ಹೋದದ್ದು ಸೆಟ್ಟಿಂಗು. ಸೆಟ್ಟಿಂಗ್ ಎಂದರೆ ವರ್ಷಗಟ್ಟಲೆ ಕೂತು ಮಾಡಿದ ಕೆಲಸದ ಜಾಡು. ಯಾವ ದಪ್ಪದ ಕಾರ್ಡಿಗೆ ಪ್ರಿಂಟರಿನಲ್ಲಿ ಯಾವ ಆಯ್ಕೆ, ಕವರಿನ ಎಡ ಅಂಚಿಗೆ ಎಷ್ಟು ಮಿಲಿಮೀಟರ್ ಬಿಡಬೇಕು, ಯಾವ ಕೀಗೆ ಯಾವ ಅಕ್ಷರ. ಇದನ್ನೆಲ್ಲ ಒಮ್ಮೆಯೂ ಎಲ್ಲೂ ಬರೆದಿಟ್ಟಿರಲಿಲ್ಲ. ಯಂತ್ರ ನೆನಪಿಟ್ಟುಕೊಂಡಿತ್ತು, ಹಾಗಾಗಿ ನಾನು ಮರೆತಿದ್ದೆ.

ಲಗ್ನಗಳ ಗಡಿಬಿಡಿ ಮುಗಿದ ಮೇಲೆ ಅವ್ವನನ್ನು ನೋಡಲು ಜಗಳೂರಿನ ಕಡೆಯ ನಮ್ಮ ಹಳ್ಳಿಗೆ ಹೋದೆ. ಮುಂಗಾರಿಗೆ ಇನ್ನೂ ಸ್ವಲ್ಪ ದಿನ ಇತ್ತು. ಈಗ ಆ ಕಡೆ ಹೊಲವೆಲ್ಲ ಮೆಕ್ಕೆಜೋಳ. ಬೀಜವನ್ನು ಪ್ರತಿ ವರ್ಷ ಅಂಗಡಿಯಿಂದ ಚೀಲದಲ್ಲಿ ತರುತ್ತಾರೆ. ಆದರೆ ಅವ್ವ ಮನೆ ಮಟ್ಟಿಗೆ ಅಕ್ಕಡಿ ಸಾಲಿಗೆ ಬೇಕಾದ ಅವರೆ, ಅಲಸಂದೆ, ಒಂದಿಷ್ಟು ಬಿಳಿಜೋಳದ ಬೀಜವನ್ನು ಇವತ್ತಿಗೂ ತಾನೇ ಇಡುತ್ತಾಳೆ. ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲೆ ಇಡುತ್ತಾಳೆ.

ಆವತ್ತು ಪಡಸಾಲೆಯಲ್ಲಿ ಒಂದು ಒದ್ದೆ ಬಟ್ಟೆಯ ಸುರುಳಿ ಇತ್ತು. ಅವ್ವ ಬಿಚ್ಚಿದಳು. ಒಳಗೆ ಜೋಳದ ಕಾಳು, ಬೆಳ್ಳಗೆ ಮೊಳಕೆ ಒಡೆದು ಮಲಗಿದ್ದವು. ಒಂದೊಂದೇ ಎಣಿಸಿದಳು. ನೂರು ಕಾಳು ಎಣಿಸಿ ಕಟ್ಟಿದ್ದಳು, ಎಪ್ಪತ್ತಾರು ಮೊಳೆತಿದ್ದವು. ‘ಸಾಕು, ಸ್ವಲ್ಪ ದಟ್ಟವಾಗಿ ಬಿಟ್ರೆ ಆಯ್ತು’ ಅಂದಳು. ಅವರೆಯದು ನಲವತ್ತೂ ಬಂದಿರಲಿಲ್ಲ. ಗಡಿಗೆಯಲ್ಲಿ ನೋಡಿದರೆ ಕಾಳು ಎಷ್ಟು ಚೆನ್ನಾಗಿದ್ದವು! ನುಣ್ಣಗೆ, ಒಂದೂ ತೂತಿಲ್ಲ. ಅವ್ವ ಅದನ್ನು ಸಾರಿಗೆ ಎಂದು ಪಕ್ಕಕ್ಕೆ ತೆಗೆದು, ಬೀಜಕ್ಕಾಗಿ ಎದುರು ಮನೆ ಚಿಗವ್ವನ ಹತ್ತಿರ ಹೋದಳು.

ಆ ಸುರುಳಿ ಹಿಡಿದುಕೊಂಡು ನಾನು ಸುಮಾರು ಹೊತ್ತು ಕೂತಿದ್ದೆ. ನನ್ನ ನೂರಾರು ಎಂಬಿಯ ರೆಗ್ ಫೈಲು ಆ ಅವರೆಯ ಹಾಗೇ ಇತ್ತು. ಗಡಿಗೆ ತುಂಬಿದೆ ಅಂತ ನಾನು ನಂಬಿದ್ದೆ. ಒಂದು ಸಲವೂ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿರಲಿಲ್ಲ.

ಇನ್ನೊಂದು ಮಾತನ್ನೂ ಅವ್ವ ಆವತ್ತು ಹೇಳಿದಳು. ನಮ್ಮ ತಾತನ ಕಾಲದಲ್ಲಿ ಊರಿನಲ್ಲಿ ಹಗೇವು ಇದ್ದವು. ನೆಲದೊಳಗೆ ತೋಡಿದ ಕಣಜ. ಉಣ್ಣುವ ಜೋಳವೆಲ್ಲ ಅದರಲ್ಲಿ. ಬಿತ್ತನೆ ಬೀಜ ಮಾತ್ರ ಹಗೇವಿಗೆ ಇಳಿಯುತ್ತಿರಲಿಲ್ಲ, ಅದು ಮನೆಯ ಅಟ್ಟದಲ್ಲಿ. ಒಂದು ವರ್ಷ ಹಗೇವಿಗೆ ನೀರು ಇಳಿದು ಜೋಳವೆಲ್ಲ ಮುಗ್ಗಿತಂತೆ. ಬೀಜ ಉಳಿಯಿತು. ನಾನು ಬ್ಯಾಕಪ್ ಇಟ್ಟಿದ್ದ ಡಿ ಡ್ರೈವ್ ಎಲ್ಲಿತ್ತು? ಸಿ ಡ್ರೈವ್ ಇದ್ದ ಡಿಸ್ಕಿನಲ್ಲೇ. ಒಂದೇ ಹಗೇವಿನ ಎರಡು ಮೂಲೆ. ಡಿಸ್ಕ್ ಸತ್ತಿದ್ದರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು. ಸಿಸ್ಟಮ್ ರಿಸ್ಟೋರಿನ ಪಾಯಿಂಟುಗಳೂ ಅಷ್ಟೇ, ಅದೇ ಡಿಸ್ಕಿನಲ್ಲೇ ಕೂರುತ್ತವೆ.

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ನಾನೂ ಮೂರು ಸೋಮವಾರ ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ಮೊಳಕೆ ನೋಡಲು ಕೂತೆ.

ಮೊದಲ ಸೋಮವಾರದ್ದು ಚಿಕ್ಕದು. ಫಾಂಟ್ಸ್ ಕೀಯನ್ನು ಎಕ್ಸ್‌ಪೋರ್ಟ್ ಮಾಡಿದೆ. ನಾನು ಬಳಸದ ಒಂದು ಫಾಂಟಿನ ಸಾಲನ್ನು ಬೇಕೆಂದೇ ಅಳಿಸಿದೆ. ಮತ್ತೆ ಆನ್ ಮಾಡಿದಾಗ ಆ ಫಾಂಟ್ ಪಟ್ಟಿಯಲ್ಲಿ ಇರಲಿಲ್ಲ. ಫೈಲನ್ನು ಡಬಲ್ ಕ್ಲಿಕ್ ಮಾಡಿ, ಇನ್ನೊಮ್ಮೆ ರಿಸ್ಟಾರ್ಟ್ ಮಾಡಿದೆ. ಬಂತು.

ಅದೇ ದಿನ ಸಿಸ್ಟಮ್ ರಿಸ್ಟೋರನ್ನೂ ಆನ್ ಮಾಡಿ ನೋಡಿದೆ. ಕಾನ್ಫಿಗರ್ ಎಂಬಲ್ಲಿ ಆನ್ ಮಾಡಿ, ಅದಕ್ಕೆ ಡಿಸ್ಕಿನಲ್ಲಿ ಎಷ್ಟು ಜಾಗ ಎಂದು ಹೇಳಿ, ಕ್ರಿಯೇಟ್ ಒತ್ತಿ ಒಂದು ಹೆಸರು ಕೊಟ್ಟರೆ ಪಾಯಿಂಟ್ ಸಿದ್ಧ. ಆಮೇಲೆ ಒಂದು ಚಿಕ್ಕ ಪ್ರೋಗ್ರಾಮನ್ನು ಹಾಕಿದೆ, ಒಂದು ಕಾರ್ಡಿನ ಫೈಲನ್ನೂ ಮಾಡಿಟ್ಟೆ. ಈಗ ಹಿಂದಿನ ಪಾಯಿಂಟಿಗೆ ಮರಳಿದೆ. ಹೋಗುವ ಮುಂಚೆ ಯಾವ ಪ್ರೋಗ್ರಾಮುಗಳು ಇಲ್ಲವಾಗುತ್ತವೆ ಎಂದು ತೋರಿಸುವ ಒಂದು ಬಟನ್ ಅದರಲ್ಲಿದೆ, ಅದನ್ನು ತಪ್ಪದೆ ಒತ್ತಿ ನೋಡಬೇಕು. ಕಂಪ್ಯೂಟರ್ ಮತ್ತೆ ತೆರೆದಾಗ ಪ್ರೋಗ್ರಾಮ್ ಇರಲಿಲ್ಲ, ಕಾರ್ಡಿನ ಫೈಲು ಇತ್ತು. ಇದರ ಗುಣವೇ ಹಾಗೆ. ಸಿಸ್ಟಮ್ಮಿನ ಫೈಲು, ರಿಜಿಸ್ಟ್ರಿ, ಪ್ರೋಗ್ರಾಮುಗಳನ್ನು ಹಿಂದಕ್ಕೆ ಒಯ್ಯುತ್ತದೆ, ನಮ್ಮ ಬರಹ, ಫೋಟೋಗಳನ್ನು ಮುಟ್ಟುವುದಿಲ್ಲ. ವಿಂಡೋಸ್ ಒಳಗಿನಿಂದಲೇ ಮಾಡಿದ್ದರೆ, ಬೇಡ ಅನ್ನಿಸಿದಾಗ ಆ ರಿಸ್ಟೋರನ್ನೇ ರದ್ದು ಮಾಡುವ ಅವಕಾಶವೂ ಇರುತ್ತದೆ. ನನ್ನಂಥವರ ಅಪಘಾತಗಳಲ್ಲಿ ಬಹುಪಾಲಿಗೆ ಇದೊಂದೇ ಸಾಕು. ಹೊಸ ಡ್ರೈವರ್ ಹಾಕುವ ಮುಂಚೆ, ರೆಜ್‌ಎಡಿಟ್ ತೆರೆಯುವ ಮುಂಚೆ ಈಗ ನಾನು ಒಂದು ಪಾಯಿಂಟ್ ಇಡದೆ ಮುಂದೆ ಹೋಗುವುದಿಲ್ಲ.

ಎರಡನೆಯ ಸೋಮವಾರ ಕಂಪ್ಯೂಟರ್ ತೆರೆಯುವುದೇ ಇಲ್ಲ ಎಂದಾದರೆ ಏನು ಎಂದು ನೋಡಿದೆ. ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಕೊಟ್ಟರೆ ನೀಲಿ ಪರದೆಯ ದುರಸ್ತಿ ಕೋಣೆ ತೆರೆಯುತ್ತದೆ. ಅಲ್ಲಿಂದಲೂ ಸಿಸ್ಟಮ್ ರಿಸ್ಟೋರ್ ಸಿಗುತ್ತದೆ. ಡಿಸ್ಕಿನಲ್ಲಿರುವ ಆ ಕೋಣೆಯೂ ಕೆಟ್ಟರೆ ಎಂದು ಒಂದು 32 ಜಿಬಿ ಪೆನ್‌ಡ್ರೈವಿನಲ್ಲಿ ರಿಕವರಿ ಡ್ರೈವ್ ಮಾಡಿಕೊಂಡೆ. ಅದನ್ನು ಮಾಡುವಾಗ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಜೋಪಾನ. ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳಿ ಎಂದು ಮೈಕ್ರೋಸಾಫ್ಟಿನವರೇ ಹೇಳುತ್ತಾರೆ. ಆ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಆನ್ ಆಗುತ್ತಾ ಅಂತ ನೋಡಿದರೆ, ಮುಂದಿನ ಯುಎಸ್‌ಬಿ ಕಿಂಡಿಯಲ್ಲಿ ಆಗಲಿಲ್ಲ. ಹಿಂದಿನ ಕಿಂಡಿಗೆ ಹಾಕಿದಾಗ ಆಯಿತು. ಇಷ್ಟು ಚಿಕ್ಕ ಸಂಗತಿ, ಆದರೆ ಅವಸರದ ರಾತ್ರಿಯಲ್ಲಿ ಅದೇ ಎರಡು ಗಂಟೆ ತಿನ್ನುತ್ತಿತ್ತು.

ಮಗಳ ಲ್ಯಾಪ್‌ಟಾಪಿನಲ್ಲಿ ಅದೇ ದುರಸ್ತಿ ಕೋಣೆಗೆ ಹೋದಾಗ ಬೇರೆ ವಿಷಯ ಗೊತ್ತಾಯಿತು. ಅದರಲ್ಲಿ ವಿಂಡೋಸ್ 11. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗಿತ್ತು. ಒಳಗೆ ಹೋಗಲು 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿತು. ‘ಅಮ್ಮಾ, ಅದೆಲ್ಲಿದೆ ನಂಗೆ ಗೊತ್ತೇ ಇಲ್ಲ’ ಅಂದಳು. ಅವಳ ಖಾತೆಯಲ್ಲಿ ಹುಡುಕಿದಾಗ ಸಿಕ್ಕಿತು. 48 ಅಂಕಿಯನ್ನೂ ಕಾಗದದ ಮೇಲೆ ಬರೆದು, ಅವಳು ಓದಿ, ನಾನು ತಾಳೆ ನೋಡಿ, ಬೀರುವಿನಲ್ಲಿ ಮನೆ ಪತ್ರಗಳ ಜೊತೆ ಇಟ್ಟೆವು. ಆ ಅಂಕಿ ಇಲ್ಲದಿದ್ದರೆ ಆ ದಾರಿಯಿಂದ ಡಿಸ್ಕಿನ ಒಳಗೆ ಕೈಹಾಕಲು ಯಾರಿಂದಲೂ ಆಗುವುದಿಲ್ಲ, ಎಷ್ಟೇ ಒಳ್ಳೆಯ ರಿಪೇರಿಯವರಾದರೂ ಸರಿ.

ಮೂರನೆಯ ಸೋಮವಾರದ್ದು ದೊಡ್ಡದು. ಅದಕ್ಕಾಗಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಂಡಿದ್ದೆ. ಕಂಟ್ರೋಲ್ ಪ್ಯಾನೆಲಿನಲ್ಲಿ ‘ಬ್ಯಾಕಪ್ ಆಂಡ್ ರಿಸ್ಟೋರ್’ ಎಂಬ ಹಳೆಯ ಸಾಧನ ಇದೆ. ಪಕ್ಕದಲ್ಲಿ ವಿಂಡೋಸ್ 7 ಅಂತ ಬರೆದಿರುತ್ತದೆ. 2017ರಲ್ಲೇ ಇದನ್ನು ಮುಂದೆ ಬೆಳೆಸುವುದಿಲ್ಲ ಎಂದು ಹೇಳಿದ್ದರೂ ವಿಂಡೋಸ್ 11ರಲ್ಲೂ ಅದು ಇದೆ. ಅದರಲ್ಲಿ ಸಿಸ್ಟಮ್ ಇಮೇಜ್ ತೆಗೆಯಬಹುದು. ಇಡೀ ಸಿ ಡ್ರೈವಿನ ಪಡಿಯಚ್ಚು ಅದು. ರಿಜಿಸ್ಟ್ರಿ, ಡ್ರೈವರ್, ಪ್ರೋಗ್ರಾಮ್, ಫಾಂಟ್, ಎಲ್ಲ. ಮರಳಿ ಕೂರಿಸಿದರೆ ಆ ದಿನದ ಕಂಪ್ಯೂಟರ್ ಎದ್ದು ನಿಲ್ಲಬೇಕು.

ನಿಲ್ಲುತ್ತದಾ ಎಂದು ನೋಡುವುದು ಹೇಗೆ? ಕೆಲಸದ ಡಿಸ್ಕಿನ ಮೇಲೆಯೇ ಪ್ರಯೋಗ ಮಾಡಬಾರದು. ಇಮೇಜನ್ನು ಕೂರಿಸುವಾಗ ಆ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸುತ್ತದೆ. ಹಾಗಾಗಿ ಕಂಪ್ಯೂಟರ್ ಬಿಚ್ಚಿ ಕೆಲಸದ ಡಿಸ್ಕನ್ನು ಹೊರಗೆ ತೆಗೆದು ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಆ ಜಾಗಕ್ಕೆ ಮನೆಯಲ್ಲಿದ್ದ ಒಂದು ಹಳೆಯ 500 ಜಿಬಿ ಡಿಸ್ಕನ್ನು ಹಾಕಿದೆ. ಪೆನ್‌ಡ್ರೈವಿನಿಂದ ಆನ್ ಮಾಡಿ ಇಮೇಜ್ ತೋರಿಸಿದೆ. ಆಗುವುದಿಲ್ಲ ಅಂದಿತು. ನನ್ನ ಕೆಲಸದ ಡಿಸ್ಕ್ 1 ಟಿಬಿ. ಮೂಲ ಡಿಸ್ಕಿಗಿಂತ ಚಿಕ್ಕದಾದ ಡಿಸ್ಕಿಗೆ ಈ ಇಮೇಜ್ ಕೂರುವುದಿಲ್ಲ, ಒಳಗೆ ತುಂಬಿರುವುದು ಕಡಿಮೆಯಿದ್ದರೂ ಕೂರುವುದಿಲ್ಲ. ಮುಳುಗುವ ದಿನ ಇದು ಗೊತ್ತಾಗಿದ್ದರೆ ನನ್ನ ಗತಿ ಏನು? ರಿಪೇರಿ ಹುಡುಗನಿಗೆ ಫೋನ್ ಮಾಡಿದೆ. ‘ಎರಡು ದಿನಕ್ಕೆ ಇಟ್ಕೊಳ್ಳಿ ಅಕ್ಕಾ’ ಅಂತ ಒಂದು 1 ಟಿಬಿ ಡಿಸ್ಕ್ ಕೊಟ್ಟ. ಕರೆಂಟಿನ ಭಯ ಒಂದಿತ್ತು, ಯುಪಿಎಸ್ ಬ್ಯಾಟರಿ ಹೊಸದು ಹಾಕಿಸಿಯೇ ಶುರು ಮಾಡಿದೆ. ಮಧ್ಯದಲ್ಲಿ ನಿಂತುಹೋದರೆ ಆ ಡಿಸ್ಕು ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಆನ್ ಮಾಡಿದೆ. ನನ್ನದೇ ಪರದೆ. ಕಾರ್ಡಿನ ಫೈಲು ತೆರೆದೆ. ‘ಶ್ರೀ ಗಣೇಶಾಯ ನಮಃ’ ಕನ್ನಡದಲ್ಲಿ ಕೂತಿತ್ತು. ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ಸಂಕೋಚವಿಲ್ಲ.

ಆ ನಾಲ್ಕು ದಿನದ ಕಷ್ಟ ಮುಗಿದಾಗಲೇ ಒಂದು ನೋಟ್‌ಬುಕ್ ಮಾಡಿದ್ದೆ. ನನ್ನ ಕೆಲಸ ನಡೆಯಲು ಕಂಪ್ಯೂಟರಿನಲ್ಲಿ ಏನೇನು ಸರಿಯಿರಬೇಕು ಎಂಬ ಪಟ್ಟಿ, 22 ಸಾಲು. ನುಡಿ ಕೀಬೋರ್ಡ್, ಫಾಂಟುಗಳು, ಆರು ಕಾಗದದ ಅಳತೆ, ಪ್ರಿಂಟರಿನ ಬಣ್ಣದ ಆಯ್ಕೆ, ವೈಫೈ, ಬ್ರೌಸರಿನ ಬುಕ್‌ಮಾರ್ಕು, ಹೀಗೆ. ಒಂದೊಂದನ್ನೇ ತೆರೆದು ಟಿಕ್ ಹಾಕುತ್ತಾ ಹೋದೆ. 21 ಬಂದವು. ಇಮೇಜ್ ತೆಗೆದ ಮೇಲೆ ಸೇರಿಸಿದ್ದ ಒಂದು ಉದ್ದ ಕವರಿನ ಅಳತೆ ಬಂದಿರಲಿಲ್ಲ. ಇಮೇಜ್ ಅಂದರೆ ಆ ದಿನದ ಚಿತ್ರ ತಾನೇ, ಅದರ ಮರುದಿನದ್ದು ಅದರಲ್ಲಿರುವುದಿಲ್ಲ. ನನ್ನ ದಿನದಿನದ ಕಾರ್ಡಿನ ಫೈಲುಗಳಿಗೂ ಇದೇ ಮಾತು. ಹಾಗಾಗಿ ಅವು ಬೇರೆ ದಾರಿಯಲ್ಲಿ, ಪ್ರತಿ ಸಂಜೆ ಬೇರೆ ಪೆನ್‌ಡ್ರೈವಿಗೆ ಹೋಗುತ್ತವೆ.

ಎಕ್ಸ್‌ಟರ್ನಲ್ ಡಿಸ್ಕನ್ನು ಕೆಲಸ ಆದ ಕೂಡಲೇ ಬಿಚ್ಚಿ ಅಡುಗೆಮನೆಯ ಅಟ್ಟಕ್ಕೆ ಹಾಕುತ್ತೇನೆ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದಾಗ ಅದನ್ನೂ ಸೇರಿಸಿ ತಿನ್ನುತ್ತದೆ. ಇನ್ನೊಂದು ಪ್ರತಿ ತಮ್ಮನ ಮನೆಯಲ್ಲಿ, ವಿದ್ಯಾನಗರದಲ್ಲಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಅದಕ್ಕೂ ಮೊದಲೇ ನಾನು 11ಕ್ಕೆ ಹೋದೆ. ಹೋಗುವ ಹಿಂದಿನ ದಿನ ಒಂದು ಇಮೇಜ್ ತೆಗೆದೆ. ಹೊಸದು ಹಿಡಿಸದಿದ್ದರೆ ಹಳೆಯದಕ್ಕೆ ಮರಳಲು ವಿಂಡೋಸ್ ಕೊಡುವುದು 10 ದಿನ ಮಾತ್ರ. ನನ್ನ ಪ್ರಿಂಟರಿನ ತಕರಾರು ಕಾಣಿಸಿದ್ದು ಹನ್ನೆರಡನೆಯ ದಿನ. ಇಮೇಜ್ ಇತ್ತು, ಹಾಗಾಗಿ ಗಾಬರಿಯಿಲ್ಲದೆ ಕೂತು ಹೊಸ ಡ್ರೈವರ್ ಹುಡುಕಿ ಸರಿಮಾಡಿದೆ. ಇಮೇಜ್ ಮುಟ್ಟುವ ಪ್ರಸಂಗವೇ ಬರಲಿಲ್ಲ.

ಮೊನ್ನೆ ಅವ್ವ ದಾವಣಗೆರೆಗೆ ಬಂದಿದ್ದಳು. ಬರುವಾಗ ಬೀಜದ ಸುರುಳಿಯನ್ನೂ ತಂದಿದ್ದಳು, ಎಣಿಸುವ ದಿನ ತಪ್ಪಬಾರದು ಅಂತ. ನನ್ನ ಕೋಣೆಯ ಕಿಟಕಿ ಪಕ್ಕ ಕೂತು ಬಿಚ್ಚಿದಳು. ಅದೇ ಹೊತ್ತಿಗೆ ನಾನು ಆ ತಿಂಗಳ ಪಟ್ಟಿಗೆ ಟಿಕ್ ಹಾಕುತ್ತಿದ್ದೆ.

‘ಎಂಬತ್ಮೂರು’ ಅಂದಳು. ‘ನಿಂದು ಎಷ್ಟು ಬಂದಾವೆ?’

‘ಇಪ್ಪತ್ತೆರಡಕ್ಕೆ ಇಪ್ಪತ್ತೊಂದವ್ವ.’

‘ಬರದಿದ್ದು ಯಾವ್ದು?’

ಬ್ರೌಸರಿನ ಬುಕ್‌ಮಾರ್ಕು. ಹೊಸ ಬ್ರೌಸರ್ ಹಾಕಿಕೊಂಡಿದ್ದೆ, ಅದರ ಪ್ರತಿ ತೆಗೆದಿರಲಿಲ್ಲ. ಅವ್ವನಿಗೆ ಬುಕ್‌ಮಾರ್ಕ್ ಎಂದರೇನು ಎಂದು ಹೇಳುತ್ತಾ ಹೇಳುತ್ತಾ ಅದನ್ನು ಎಕ್ಸ್‌ಪೋರ್ಟ್ ಮಾಡಿದೆ. ಅವಳು ಮೊಳೆಯದ ಹದಿನೇಳು ಕಾಳುಗಳನ್ನು ಆರಿಸಿ ಕಿಟಕಿಯ ಹೊರಗೆ ಗುಬ್ಬಿಗಳಿಗೆ ಹಾಕಿದಳು.